ರಫ್ತು ಕಲಿಸುವ ಪ್ರಾದೇಶಿಕ ಶಿಕ್ಷಣ ಕೇಂದ್ರ: ಕೆಲವು ವರ್ಷ ಬಳಸಿದವನ ಅಭಿಪ್ರಾಯ

ಮೊದಲೇ ಅಂಕ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು. ಒಂದು ಯಾಕೆ ಕಳೆದೆ ಎನ್ನುವುದು ಮುಂದೆ ಬರುತ್ತದೆ.

ನಮ್ಮದು ಹಿತ್ತಾಳೆಯ ವಾಲ್ವ್ ಮತ್ತು ಪೈಪ್ ಫಿಟ್ಟಿಂಗ್ ತಯಾರಿಸುವ ಸಣ್ಣ ಕಾರ್ಖಾನೆ. ಕೇಂದ್ರ ಇರುವುದು ಒಂದು ಕಾಲೇಜಿಗೆ ಅಂಟಿಕೊಂಡಂತೆ. ಸುತ್ತಲಿನ ಸಣ್ಣ ಉದ್ದಿಮೆಗಳಿಗೆ ಅಂತರರಾಷ್ಟ್ರೀಯ ವ್ಯಾಪಾರದ ಪಾಠ ಹೇಳುವುದು, ಬೇಕಾದವರ ಜೊತೆ ಪ್ರತ್ಯೇಕವಾಗಿ ಕೂತು ಸಲಹೆ ಕೊಡುವುದು ಅದರ ಕೆಲಸ. ತರಗತಿಗೆ ಶುಲ್ಕವಿದೆ, ಸಲಹೆಗೆ ಇಲ್ಲ. ಎರಡನ್ನೂ ಬಳಸಿದ್ದೇನೆ, ಈಗಲೂ ಬಳಸುತ್ತಿದ್ದೇನೆ.

ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: "ಹೊರದೇಶದಲ್ಲಿ ಗಿರಾಕಿ ಹುಡುಕಿಕೊಡುತ್ತೀರಾ?" ಇಲ್ಲ, ಕೊಡುವುದಿಲ್ಲ. ಇದನ್ನು ಕೇಳಿ ಕೆಲವರು ಎರಡನೇ ದಿನಕ್ಕೇ ಬರುವುದು ಬಿಡುತ್ತಾರೆ. ಉಳಿದವರಿಗೆ ಸಿಗುವುದು ಗಿರಾಕಿಗಿಂತ ಬೆಲೆಬಾಳುವ ವಿದ್ಯೆ ಎಂದು ನನ್ನ ಎಣಿಕೆ: ಎದುರಿಗೆ ಬಂದ ಆರ್ಡರನ್ನು ಓದಿ, ಅದರಲ್ಲಿ ಯಾವ ಸಾಲು ನಮ್ಮ ಕುತ್ತಿಗೆಗೆ ಬರುತ್ತದೆ ಎಂದು ಮೊದಲೇ ಗುರುತಿಸುವುದು. ಬೇಡದ ಆರ್ಡರ್ ಬಿಟ್ಟುಕೊಡುವುದನ್ನೂ ಕಲಿಸುತ್ತಾರೆ. ಇದನ್ನು ಜಾಹೀರಾತಿನಲ್ಲಿ ಹಾಕಿದರೆ ಯಾರೂ ಸೇರಲಿಕ್ಕಿಲ್ಲ, ಅದಕ್ಕೇ ಹಾಕಿಲ್ಲವೇನೋ.

ಪಾಠ ಶುರುವಾಗುವುದು ಎಚ್‌ಎಸ್ ಕೋಡ್‌ನಿಂದ, ಅಂದರೆ ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಸಂಖ್ಯೆಯಿಂದ. ವಿಶ್ವ ಕಸ್ಟಮ್ಸ್ ಸಂಸ್ಥೆಯ ಈ ವರ್ಗೀಕರಣದಲ್ಲಿ ಮೊದಲ ಆರು ಅಂಕಿಗಳು ಎಲ್ಲ ಕಡೆ ಒಂದೇ, ಅದರ ನಂತರದವು ಆಯಾ ದೇಶದ ಸ್ವಂತ ಸೇರ್ಪಡೆ. ನಮ್ಮ ಒಂದೇ ಕಪಾಟಿನಲ್ಲಿರುವ ಸರಕು ಇಲ್ಲಿ ಎರಡು ಅಧ್ಯಾಯಗಳಿಗೆ ಹಂಚಿಹೋಗುತ್ತದೆ. ವಾಲ್ವ್ ಆದರೆ 8481, ತಾಮ್ರ ಅಥವಾ ತಾಮ್ರದ ಮಿಶ್ರಲೋಹದ ಪೈಪ್ ಫಿಟ್ಟಿಂಗ್ ಆದರೆ 7412. ಎರಡರ ಮೇಲಿನ ಸುಂಕವೂ ಒಂದೇ ಇರಬೇಕೆಂದಿಲ್ಲ. ಸಲಹೆಗಾರರು ನಮ್ಮ ಮಾಲನ್ನು ಮೇಜಿನ ಮೇಲೆ ಸುರುವಿಸಿ, ಒಂದೊಂದನ್ನೂ ಕೈಗೆತ್ತಿಕೊಂಡು "ಇದು ಹರಿವನ್ನು ತಡೆಯುತ್ತದೆಯೋ, ಬರೀ ಜೋಡಿಸುತ್ತದೆಯೋ?" ಎಂದು ಕೇಳುತ್ತ ಹೋದರು. ಪುಸ್ತಕ ತೆರೆದದ್ದು ಆಮೇಲೆ. ಅನುಮಾನ ಉಳಿದರೆ ಆಮದು ಮಾಡುವ ದೇಶದ ಕಸ್ಟಮ್ಸ್‌ನಿಂದ ಮುಂಚಿತವಾಗಿಯೇ ಲಿಖಿತ ತೀರ್ಮಾನ ಕೇಳಬಹುದು. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮಗೊಳಿಸುವ ಒಪ್ಪಂದದಲ್ಲೇ ಈ ಏರ್ಪಾಡಿದೆ, 2017ರ ಫೆಬ್ರುವರಿಯಿಂದ ಅದು ಜಾರಿಯಲ್ಲಿದೆ. ದೊಡ್ಡ ಕಂಪನಿಗಳ ವಕೀಲರಿಗೆ ಇದು ಮಾಮೂಲು ಸಂಗತಿ. ಸಣ್ಣವರಿಗೆ ಹೇಳಲು ಯಾರಾದರೂ ಬೇಕಲ್ಲ.

ಇನ್‌ಕೋಟರ್ಮ್ಸ್, ಅಂದರೆ ಸರಕಿನ ಖರ್ಚು, ಹೊಣೆ ಮಾರುವವನಿಂದ ಕೊಳ್ಳುವವನಿಗೆ ಎಲ್ಲಿ ದಾಟುತ್ತದೆ ಎಂದು ಹೇಳುವ ನಿಯಮಗಳ ಪಾಠದ ಬಗ್ಗೆ ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ, ಆದರೆ ಬೇರೆ ಕಾರಣಕ್ಕೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ಹೊರತಂದ ಈ ನಿಯಮಗಳ ಈಗಿನ ಆವೃತ್ತಿ 2020ರದ್ದು, ಒಟ್ಟು 11 ನಿಯಮಗಳು. ಪಟ್ಟಿ ಬಾಯಿಪಾಠ ಮಾಡುವುದಕ್ಕೆ ಕೇಂದ್ರ ಬೇಕಿಲ್ಲ. ಕಂಟೇನರ್ ಸರಕಿಗೆ ಅವುಗಳಲ್ಲೊಂದಾದ ಎಫ್‌ಒಬಿ ಯಾಕೆ ಹೊಂದುವುದಿಲ್ಲ ಎನ್ನುವುದನ್ನು ಬಿಡಿಸಿ ಹೇಳಿದರು ನೋಡಿ, ಅದಕ್ಕೆ ಶುಲ್ಕ ಸಾರ್ಥಕ. ಎಫ್‌ಒಬಿಯಲ್ಲಿ ಸರಕು ಹಡಗು ಹತ್ತುವವರೆಗೆ ಹೊಣೆ ಮಾರುವವನದು. ಆದರೆ ಕಂಟೇನರನ್ನು ನಾವು ಬಂದರಿನ ಟರ್ಮಿನಲ್‌ಗೆ ಒಪ್ಪಿಸಿ ಬಂದುಬಿಡುತ್ತೇವೆ, ಅದು ಹಡಗು ಹತ್ತುವುದು ಎಷ್ಟೋ ದಿನ ಬಿಟ್ಟು. ನಡುವೆ ಅಲ್ಲಿ ಏನಾದರೂ ಆದರೆ ನಷ್ಟ ನಮ್ಮ ತಲೆಗೆ, ಸರಕು ಮಾತ್ರ ನಮ್ಮ ಕೈಯಲ್ಲಿಲ್ಲ. ಅದರ ಬದಲು ಎಫ್‌ಸಿಎ ಎಂಬ ನಿಯಮ ಬರೆದರೆ ಒಪ್ಪಿದ ಜಾಗದಲ್ಲಿ ಸಾಗಣೆದಾರನಿಗೆ ಒಪ್ಪಿಸಿದಲ್ಲಿಗೆ ಹೊಣೆ ದಾಟುತ್ತದೆ. "ಆದರೆ ಬ್ಯಾಂಕು ಹಡಗು ಹತ್ತಿದ ನಮೂದಿರುವ ಬಿಲ್ ಆಫ್ ಲೇಡಿಂಗ್ ಕೇಳುತ್ತದಲ್ಲ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಬಿಲ್ ಆಫ್ ಲೇಡಿಂಗ್ ಎಂದರೆ ಸರಕು ಪಡೆದದ್ದಕ್ಕೆ ಸಾಗಣೆದಾರ ಕೊಡುವ ದಾಖಲೆ. ಆ ಪ್ರಶ್ನೆಗೂ ಉತ್ತರವಿತ್ತು: ಅಂಥ ಬಿಲ್ಲನ್ನು ಮಾರುವವನಿಗೆ ಕೊಡುವಂತೆ ಕೊಳ್ಳುವವನೇ ಸಾಗಣೆದಾರನಿಗೆ ಸೂಚಿಸಬೇಕು ಎಂದು ಒಪ್ಪಂದದಲ್ಲಿ ಸೇರಿಸಿಕೊಳ್ಳುವ ಅವಕಾಶವನ್ನು 2020ರ ಆವೃತ್ತಿಯಲ್ಲಿ ಕೊಟ್ಟಿದ್ದಾರೆ.

ವಿಮೆಯ ವಿಷಯವೂ ಹಾಗೇ. ಸಿಐಎಫ್, ಸಿಐಪಿ ಎಂಬ ಎರಡು ನಿಯಮಗಳಲ್ಲೂ ವಿಮೆ ಮಾರುವವನದೇ. ಆದರೆ ಸಿಐಎಫ್‌ಗೆ ಕನಿಷ್ಠ ರಕ್ಷಣೆ ಸಾಕು, ಸಿಐಪಿಗೆ ಹೆಚ್ಚಿನ ಅಪಾಯಗಳನ್ನೆಲ್ಲ ಒಳಗೊಳ್ಳುವ ಪಾಲಿಸಿ ಬೇಕು. ಗಿರಾಕಿ ಎರಡನ್ನೂ ಒಂದೇ ಎಂಬಂತೆ ಮಾತಾಡಿದಾಗ ದರಪಟ್ಟಿ ಕಳಿಸುವ ಮುನ್ನ ನಿಂತು ಯೋಚಿಸುವ ಅಭ್ಯಾಸ ಈ ತರಗತಿಯಿಂದ ಬಂತು. ಡಿಡಿಪಿ ಎಂದು ಬರೆದ ಆರ್ಡರ್ ಬಂದರೆ ಈಗ ನೇರವಾಗಿ ಬೇಡ ಎನ್ನುತ್ತೇನೆ. ಅದರಲ್ಲಿ ಬರುವ ಪರದೇಶದ ಸುಂಕ, ತೆರಿಗೆ, ಅಲ್ಲಿನ ನೋಂದಣಿಯ ತಲೆನೋವು ಎಲ್ಲವನ್ನೂ ಸಣ್ಣ ಕಾರ್ಖಾನೆಯವನು ಹೊರುವುದು ದುಸ್ಸಾಹಸ.

ಇನ್ನು ನಿಜವಾಗಿ ನಮ್ಮ ವ್ಯಾಪಾರದ ದಿಕ್ಕು ಬದಲಿಸಿದ ವಿಷಯ: ಸೀಸ.

ಲೇತ್‌ನಲ್ಲಿ ಸಲೀಸಾಗಿ ಕೊರೆಯಲು ಬರುವ ಹಿತ್ತಾಳೆಗೆ ಸೀಸ ಬೆರೆಸಿರುತ್ತಾರೆ, ಸಾಮಾನ್ಯವಾಗಿ ಶೇಕಡಾ 3ರ ಆಸುಪಾಸು. ಸೀಸವಿದ್ದರೆ ಲೋಹದ ಸಿಪ್ಪೆ ಉದ್ದಕ್ಕೆ ಸುತ್ತಿಕೊಳ್ಳದೆ ಪುಡಿಯಾಗಿ ಉದುರುತ್ತದೆ, ಟೂಲ್ ಬಾಳಿಕೆ ಬರುತ್ತದೆ. ಅಮೆರಿಕದಲ್ಲಿ 2014ರ ಜನವರಿಯಿಂದ ಕುಡಿಯುವ ನೀರಿನ ಫಿಟ್ಟಿಂಗ್‌ಗಳಲ್ಲಿ ನೀರು ತಾಗುವ ಮೇಲ್ಮೈಗಳ ಸರಾಸರಿ ಸೀಸ ಶೇಕಡಾ 0.25 ಮೀರುವಂತಿಲ್ಲ. ಅದಕ್ಕೆ ಮೊದಲು ಶೇಕಡಾ 8ರವರೆಗೆ ಅವಕಾಶವಿತ್ತು. ಅಂದರೆ ನಾವು ದಿನವೂ ಕೊರೆಯುವ ರಾಡು ಆ ಮಾರುಕಟ್ಟೆಯ ಅಡುಗೆಮನೆಗೆ ಹೋಗುವಂತೆಯೇ ಇಲ್ಲ. ಅಲ್ಲಿಂದ ವಿಚಾರಣೆ ಬಂದಾಗ ನಾನು ಬೆಲೆ ಎಷ್ಟು ಇಳಿಸಬಹುದು ಎಂಬ ಲೆಕ್ಕ ಹಿಡಿದು ಕೇಂದ್ರಕ್ಕೆ ಹೋಗಿದ್ದೆ. ಸಲಹೆಗಾರರು ಬೆಲೆಯ ಮಾತೇ ಎತ್ತಲಿಲ್ಲ. "ಇದರೊಳಗೆ ಏನು ಹರಿಯುತ್ತದೆ?" ಎಂದು ಕೇಳಿದರು.

ಮುಂದಿನ ಒಂದು ಗಂಟೆ ಅವರು ಮಾಡಿದ ಕೆಲಸವನ್ನೇ ನಾನು ಈ ಕೇಂದ್ರದ ನಿಜವಾದ ಸೇವೆ ಎಂದು ಲೆಕ್ಕ ಹಾಕುವುದು. ಸೀಸದ ಬದಲು ಸಿಲಿಕಾನ್ ಅಥವಾ ಬಿಸ್ಮತ್ ಬೆರೆಸಿದ ಹಿತ್ತಾಳೆ ಸಿಗುತ್ತದೆ, ಆದರೆ ಯಂತ್ರದ ವೇಗ, ಟೂಲ್, ಗುಜರಿಯನ್ನು ಬೇರೆಯಾಗಿಯೇ ಇಡುವ ವ್ಯವಸ್ಥೆ ಎಲ್ಲ ಬದಲಾಗಬೇಕು. ಸೀಸವಿರುವ ಪುಡಿ ಒಂದಿಷ್ಟು ಬೆರೆತರೂ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದು ದಾರಿ, ಆ ಕಾನೂನು ಕುಡಿಯುವ ನೀರಿಗೆ ಬಳಸದ ಸಾಮಗ್ರಿಯನ್ನು, ಅಂದರೆ ಕಾರ್ಖಾನೆಯ ಪ್ರಕ್ರಿಯೆ, ನೀರಾವರಿ ಇಂಥವಕ್ಕೆ ಮಾತ್ರ ಬಳಸುವುದನ್ನು ಹೊರಗಿಟ್ಟಿದೆ. ಎರಡನೆಯದನ್ನು ಹಿಡಿದೆವು. ಅದಕ್ಕೆ ತಕ್ಕಂತೆ ಕ್ಯಾಟಲಾಗು, ಪೆಟ್ಟಿಗೆಯ ಮೇಲಿನ ಬರಹ, ಗಿರಾಕಿಯ ಜೊತೆಗಿನ ಕರಾರು ಎಲ್ಲದರಲ್ಲೂ ಉಪಯೋಗವನ್ನು ಸ್ಪಷ್ಟವಾಗಿ ಬರೆದೆವು. ಮೊದಲ ವಿಚಾರಣೆ ಕಳಿಸಿದವರಿಗೆ ಅಡುಗೆಮನೆಯ ನಲ್ಲಿಯ ಭಾಗಗಳೇ ಬೇಕಾಗಿದ್ದವು, ಅವರನ್ನು ಬಿಟ್ಟುಕೊಟ್ಟೆವು.

ಇಂಥ ನಿಯಮ ಬದಲಾವಣೆ ಮೊದಲೇ ಗೊತ್ತಾಗುವುದು ಹೇಗೆ? ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳು ಹೊಸ ತಾಂತ್ರಿಕ ನಿಯಮ ತರುವಾಗ ಉಳಿದವರಿಗೆ ಮುಂಚಿತವಾಗಿ ತಿಳಿಸಬೇಕು, ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನ ಬಿಡುತ್ತಾರೆ. ಈ ಸೂಚನೆಗಳು ಇ-ಪಿಂಗ್ ಎಂಬ ಉಚಿತ ತಾಣದಲ್ಲಿ ಬರುತ್ತವೆ, ನಮ್ಮ ಸರಕಿನ ಕೋಡ್ ಕೊಟ್ಟಿಟ್ಟರೆ ಇಮೇಲ್ ತಾನಾಗಿಯೇ ಬರುತ್ತದೆ. ಕೇಂದ್ರದಲ್ಲಿ ಕೂತೇ ಖಾತೆ ತೆರೆಸಿಕೊಟ್ಟರು. ಬರುವ ಇಮೇಲ್‌ಗಳಲ್ಲಿ ಬಹುಪಾಲು ನಮಗೆ ಸಂಬಂಧವಿಲ್ಲದವು, ಆದರೂ ನಿಲ್ಲಿಸಿಲ್ಲ.

ಎಲ್‌ಸಿ, ಅಂದರೆ ಕೇಳಿದ ಕಾಗದ ಸರಿಯಿದ್ದರೆ ಹಣ ಕೊಡುತ್ತೇನೆ ಎಂದು ಕೊಳ್ಳುವವನ ಪರವಾಗಿ ಬ್ಯಾಂಕು ಕೊಡುವ ಭರವಸೆ ಪತ್ರ. ಅದರ ತರಗತಿ ನೀರಸ, ಉದ್ದ, ಮತ್ತು ತಪ್ಪಿಸಿಕೊಳ್ಳಬಾರದ್ದು. ಬ್ಯಾಂಕುಗಳು ಅನುಸರಿಸುವುದು ಯುಸಿಪಿ 600 ಎಂಬ ನಿಯಮಗಳನ್ನು, 2007ರ ಜುಲೈಯಿಂದ ಜಾರಿಯಲ್ಲಿರುವ 39 ವಿಧಿಗಳು. ಅದರ ಐದನೇ ವಿಧಿ ಹೇಳುವಂತೆ ಬ್ಯಾಂಕು ನೋಡುವುದು ಕಾಗದವನ್ನು, ಸರಕನ್ನಲ್ಲ. ಸರಕು ಚಿನ್ನದಂಥದ್ದಿದ್ದರೂ ಇನ್‌ವಾಯ್ಸ್‌ನ ವಿವರಣೆ ಎಲ್‌ಸಿಗೆ ಹೊಂದದಿದ್ದರೆ ಹಣ ನಿಲ್ಲುತ್ತದೆ. ಕಾಗದ ಪರಿಶೀಲಿಸಲು ಬ್ಯಾಂಕಿಗೆ ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನ, ಮೂಲ ಸಾಗಣೆ ದಾಖಲೆ ಸೇರಿದ ಕಾಗದಗಳನ್ನು ನಾವು ಒಪ್ಪಿಸಲು ಸರಕು ಹೊರಟ ಮೇಲೆ 21 ದಿನ, ಎಲ್‌ಸಿಯ ಅವಧಿ ಅದಕ್ಕೂ ಮೊದಲೇ ಮುಗಿಯದಿದ್ದರೆ. ಪ್ರಮಾಣದ ಹಿಂದೆ "ಸುಮಾರು" ಎಂದು ಇದ್ದರೆ ಶೇಕಡಾ 10ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂಬುದೂ ನಿಯಮದಲ್ಲೇ ಇದೆ. ಎಣಿಸಿ ಕಳಿಸುವ ನಮ್ಮಂಥವರಿಗಿಂತ ತೂಗಿ ಕಳಿಸುವವರಿಗೆ ಇದರ ಉಪಯೋಗ ಜಾಸ್ತಿ.

ಪಾಠಕ್ಕಿಂತ ಅಭ್ಯಾಸ ಚೆನ್ನಾಗಿತ್ತು. ಒಂದು ಕಟ್ಟು ಕಾಗದ ಕೊಟ್ಟು, ನೀವೇ ಬ್ಯಾಂಕಿನವರು, ತಪ್ಪು ಹುಡುಕಿ ಎನ್ನುತ್ತಾರೆ. ಹೀಗೇ ಒಮ್ಮೆ ಜೊತೆಗೆ ಕಲಿಯುತ್ತಿದ್ದ ಬಟ್ಟೆ ಉದ್ದಿಮೆದಾರರೊಬ್ಬರು ತಮ್ಮ ನಿಜವಾದ ಎಲ್‌ಸಿಯನ್ನೇ ತಂದಿದ್ದರು. ಕೊಳ್ಳುವವರ ಪ್ರತಿನಿಧಿ ಸಹಿ ಮಾಡಿದ ತಪಾಸಣಾ ಪತ್ರ ಲಗತ್ತಿಸಬೇಕು ಎಂಬ ಒಂದು ಸಾಲು ಅದರಲ್ಲಿತ್ತು. ಆ ಪ್ರತಿನಿಧಿ ಸಹಿ ಹಾಕದಿದ್ದರೆ? ಹಣ ಬರುವುದೋ ಇಲ್ಲವೋ ಎಂಬುದು ಪೂರ್ತಿ ಕೊಳ್ಳುವವನ ಮರ್ಜಿ. ಭದ್ರತೆ ಎಂದು ನಂಬಿದ ಕಾಗದ ಬರೀ ಕಾಗದ. ಸರಕು ಕಳಿಸುವ ಮೊದಲೇ ತಿದ್ದುಪಡಿ ಕೇಳಿ ಎಂದು ಸಲಹೆಗಾರರು ಹೇಳಿದರು, ಸ್ವತಂತ್ರ ತಪಾಸಣಾ ಸಂಸ್ಥೆಯ ಪತ್ರ ಸಾಕು ಎಂದು ತಿದ್ದಿಸಿಕೊಂಡರು.

ಪ್ಯಾಕಿಂಗ್‌ಗೆ ಒಂದೇ ತರಗತಿ. ಕಟ್ಟಿಗೆಯ ಪೆಟ್ಟಿಗೆ, ಪ್ಯಾಲೆಟ್ ಬಳಸುವವರು ಕೇಳಲೇಬೇಕು. ಮರದ ಪ್ಯಾಕಿಂಗ್ ಮೂಲಕ ಕೀಟ ಹರಡದಂತೆ ತಡೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಪಿಎಂ 15 ಪ್ರಕಾರ ಮರವನ್ನು ಒಳತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಕಾಯಿಸಿ ಮುದ್ರೆ ಒತ್ತಿಸಬೇಕು, ಇಲ್ಲವೇ ಇನ್ನೊಂದು ಅಂಗೀಕೃತ ವಿಧಾನ. ಪ್ಲೈವುಡ್‌ಗೆ ವಿನಾಯಿತಿ. ನಾವು ಪ್ಲೈವುಡ್‌ಗೆ ಹೋದೆವು, ವಿಷಯ ಮುಗಿಯಿತು.

ಮಾರುಕಟ್ಟೆ ಅಂಕಿಅಂಶದ ತರಬೇತಿಯಲ್ಲಿ ಜಿನೀವಾದ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರದ ಟ್ರೇಡ್ ಮ್ಯಾಪ್ ಬಳಸಲು ಹೇಳಿಕೊಡುತ್ತಾರೆ. ಯಾವ ದೇಶ ಯಾವ ಕೋಡ್‌ನ ಸರಕನ್ನು ಎಲ್ಲಿಂದ ಎಷ್ಟು ತರಿಸುತ್ತದೆ ಎಂದು ಅಲ್ಲಿ ಕಾಣುತ್ತದೆ. ಒಂದು ದೇಶ ಕಳಿಸಿದೆ ಎನ್ನುವ ಮೊತ್ತಕ್ಕೂ ಇನ್ನೊಂದು ಬಂದಿದೆ ಎನ್ನುವ ಮೊತ್ತಕ್ಕೂ ತಾಳೆಯಾಗದೆ ನಾವೆಲ್ಲ ತಲೆ ಕೆರೆದುಕೊಂಡಿದ್ದೆವು. ಒಂದು ಕಾರಣ ಸರಳ: ರಫ್ತನ್ನು ಸಾಮಾನ್ಯವಾಗಿ ಹಡಗು ಹತ್ತಿದ ಬೆಲೆಯಲ್ಲೂ ಆಮದನ್ನು ಸಾಗಣೆ, ವಿಮೆ ಸೇರಿದ ಬೆಲೆಯಲ್ಲೂ ಲೆಕ್ಕ ಹಾಕುತ್ತಾರೆ.

ಈಗ ಆ ಒಂದು ಅಂಕದ ವಿಷಯ.

ಕೇಂದ್ರ ಆಗಾಗ ಕೊಳ್ಳುವವರು ಮಾರುವವರ ಭೇಟಿ ಏರ್ಪಡಿಸುತ್ತದೆ. ನಾನು ಹೋದವುಗಳಲ್ಲಿ ವಿಸಿಟಿಂಗ್ ಕಾರ್ಡು ಕೂಡಿದ್ದೇ ಬಂತು. ಬಂದ "ಕೊಳ್ಳುವವರು" ಎಷ್ಟೋ ಜನ ನಡುವಿನ ದಲ್ಲಾಳಿಗಳು, ಏನು ಬೇಕು ಎಂದು ಅವರಿಗೇ ಖಚಿತವಿರಲಿಲ್ಲ. ಫೋಟೋ ಮಾತ್ರ ಚೆನ್ನಾಗಿ ಬರುತ್ತವೆ, ವರದಿಗೆ ಬೇಕಲ್ಲ. ಆ ಶಕ್ತಿಯನ್ನು ಇನ್ನೊಬ್ಬ ಸಲಹೆಗಾರರ ಮೇಲೆ ಹಾಕಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ, ಯಾಕೆಂದರೆ ಒಳ್ಳೆಯವರು ಅಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಸೀಸದ ವಿಷಯ ಬಿಡಿಸಿದವರು ಈಗಿಲ್ಲ. ಅವರ ಜಾಗಕ್ಕೆ ಬಂದವರು ಸಾಗಣೆಯಲ್ಲಿ ನಿಪುಣರು, ಉತ್ಪನ್ನದ ಮಾನದಂಡ ಕೇಳಿದರೆ ತಾಣದ ವಿಳಾಸ ಕೊಟ್ಟು ಕಳಿಸುತ್ತಾರೆ. ಹಳೆಯ ಸ್ಲೈಡುಗಳೂ ಹಾಗೇ ಉಳಿದಿವೆ. ಇನ್‌ಕೋಟರ್ಮ್ಸ್‌ನಲ್ಲಿ 2020ರಲ್ಲಿ ಡಿಎಟಿ ಎಂಬ ನಿಯಮ ಹೋಗಿ ಡಿಪಿಯು ಬಂದಿದ್ದರೂ ಒಂದು ತರಗತಿಯ ಪರದೆಯ ಮೇಲೆ ಡಿಎಟಿಯೇ ಇದೆ. ಹೇಳಿದೆ, ಬರೆದುಕೊಂಡರು, ಮುಂದಿನ ಸಲವೂ ಅದೇ ಸ್ಲೈಡು.

ಪ್ರಮಾಣಪತ್ರದ ಬಗ್ಗೆ ಕೇಳುವವರಿಗೆ: ಯಾವ ಗಿರಾಕಿಯೂ ಅದನ್ನು ನನ್ನಿಂದ ಕೇಳಿಲ್ಲ. ಅದಕ್ಕಾಗಿ ಸೇರಬೇಡಿ.

ಇತ್ತೀಚೆಗೆ ಸೇರಿಸಿದ ಒಂದು ಸಣ್ಣ ಪಾಠ ಮಾತ್ರ ಪ್ರತಿಯೊಬ್ಬ ಸಣ್ಣ ವ್ಯಾಪಾರಿಯೂ ಕೇಳಬೇಕಾದದ್ದು. ಗಿರಾಕಿ ಅಥವಾ ಪೂರೈಕೆದಾರನ ಇಮೇಲ್‌ಗೆ ಕಳ್ಳರು ನುಗ್ಗಿ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಬರೆದು ಹಣ ತಿರುಗಿಸಿಕೊಳ್ಳುವ ವಂಚನೆಯ ಬಗ್ಗೆ. ಖಾತೆ ಬದಲಾದ ಪತ್ರ ಬಂದರೆ ಆ ಪತ್ರದಲ್ಲಿರುವ ನಂಬರಿಗಲ್ಲ, ಮೊದಲಿನಿಂದ ನಮ್ಮ ಬಳಿ ಇರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಈಗ ನಮ್ಮ ಇನ್‌ವಾಯ್ಸ್‌ನ ಕೆಳಗೇ ಬರೆದಿದ್ದೇವೆ: ಖಾತೆ ಬದಲಾವಣೆಯನ್ನು ನಾವು ಇಮೇಲ್‌ನಲ್ಲಿ ತಿಳಿಸುವುದಿಲ್ಲ.

ಹೊಸದಾಗಿ ಹೋಗುವವರು ಇಡೀ ಕೋರ್ಸಿಗೆ ಹಣ ಕಟ್ಟುವ ಮೊದಲು ಉಚಿತ ಸಲಹೆಯ ಸಮಯ ಕೇಳಿ ನೋಡಿ. ಖಾಲಿ ಕೈಯಲ್ಲಿ ಹೋದರೆ ಖಾಲಿ ಮಾತೇ ಸಿಗುವುದು. ಸರಕಿನ ಒಂದು ಮಾದರಿ, ಅದು ಯಾವುದರಿಂದ ಮಾಡಿದ್ದು ಎಂಬ ವಿವರ, ಬಂದಿರುವ ವಿಚಾರಣೆಯ ಪೂರ್ತಿ ಇಮೇಲ್ ಒಯ್ಯಿರಿ. ಕೊಳ್ಳುವವರು ಮಾರುವವರ ಭೇಟಿಯ ಆಸುಪಾಸಿನ ವಾರಗಳಲ್ಲಿ ಮಾತ್ರ ಹೋಗಬೇಡಿ, ಸಲಹೆಗಾರರೆಲ್ಲ ಬ್ಯಾನರ್ ಕಟ್ಟಿಸುವುದರಲ್ಲಿರುತ್ತಾರೆ.