ಮೊದಲು ದೇವರಿಗೆ ಹೇಳಿಸುವ ದಿನಚರಿ: ಒಂದು ವಿಮರ್ಶೆ

ಪ್ರಾರ್ಥನಾ ದಿನಚರಿಗಳು ಹಲವು ಬಗೆಯವು ಸಿಗುತ್ತವೆ. ಹೆಚ್ಚಿನವುಗಳಲ್ಲಿ ತಾರೀಖಿಗೊಂದು ವಚನವಿರುತ್ತದೆ, ಅದರ ಕೆಳಗೆ ಖಾಲಿ ಗೆರೆಗಳಿರುತ್ತವೆ. ಜನವರಿಯಲ್ಲಿ ಪುಟಗಳು ತುಂಬುತ್ತವೆ, ಮಾರ್ಚ್ ಬರುವಷ್ಟರಲ್ಲಿ ಬರೆಯುವುದು ನಿಂತುಹೋಗುತ್ತದೆ. ಈ ವರ್ಷ ನಾನು ಬಳಸುತ್ತಿರುವ ದಿನಚರಿಯಲ್ಲಿ ತಾರೀಖುಗಳೇ ಇಲ್ಲ. ತೊಂದರೆ ಬಂದ ದಿನ ತೆರೆದು ಬರೆಯಬೇಕು, ಅಷ್ಟೇ. ಎಡಪುಟದ ತಲೆಯಲ್ಲಿ ‘ಇದನ್ನು ದೇವರಿಗೆ ಹೇಳಿದ್ದೇನೆಯೇ?’ ಎಂಬ ಸಾಲು, ಅದರ ಕೆಳಗೆ ಬರೆಯಲು ಜಾಗ. ಪುಟದ ತಳದಲ್ಲಿ ‘ಇನ್ನು ಯಾರಿಗೆ ಹೇಳಬೇಕು?’ ಎಂದಿದೆ. ಬಲಪುಟದಲ್ಲಿ ‘ನಾನು ಮಾಡಬೇಕಾದದ್ದು’, ಕೊನೆಯಲ್ಲಿ ‘ಉತ್ತರ ಸಿಕ್ಕಿತೇ?’ ಎಂದು ಕೇಳುವ ಎರಡು ಚೌಕಗಳು: ಹೌದು, ಇಲ್ಲ.

ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಯಾವ ಕಾಲಂ ಮೊದಲು ಬರುತ್ತದೆ, ಯಾವುದು ಆಮೇಲೆ ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಈ ದಿನಚರಿಯ ಬೆಲೆಯೆಲ್ಲ ಆ ಅನುಕ್ರಮದಲ್ಲಿದೆ. ಸಂಕಟ ಬಂದಾಗ ನಮ್ಮ ಕೈ ಮೊದಲು ಹೋಗುವುದು ಮೊಬೈಲಿಗೆ. ಅಕ್ಕನಿಗೆ ಹೇಳುತ್ತೇವೆ, ಗೆಳತಿಗೆ ಹೇಳುತ್ತೇವೆ, ಅಂತರ್ಜಾಲದಲ್ಲಿ ಹುಡುಕುತ್ತೇವೆ, ರಾತ್ರಿಯೆಲ್ಲ ಹೊರಳಾಡುತ್ತೇವೆ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ‘ಇನ್ನು ದೇವರೇ ಗತಿ’ ಎನ್ನುತ್ತೇವೆ. ಕ್ರೈಸ್ತರಾದ ನಾವು ಹೀಗೆ ಹೇಳುವಾಗ ನನಗೆ ನಿಜಕ್ಕೂ ನೋವಾಗುತ್ತದೆ. ಯಾವುದಕ್ಕೂ ಚಿಂತಿಸದೆ ಎಲ್ಲ ವಿಷಯಗಳಲ್ಲಿಯೂ ದೇವರಿಗೆ ತಿಳಿಸಿರಿ ಎಂದು ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದಾಗ ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದನು. ದೊಡ್ಡ ವಿಷಯಗಳಿಗೆ ಮಾತ್ರ ಎಂದು ಅವನು ಬರೆಯಲಿಲ್ಲ, ಬೇರೆ ದಾರಿಯಿಲ್ಲದಾಗ ಎಂದೂ ಬರೆಯಲಿಲ್ಲ.

ದಿನಚರಿಯನ್ನು ಏಳು ಭಾಗಗಳಾಗಿ ಮಾಡಿದ್ದಾರೆ: ಮನೆ, ಕೆಲಸ, ಹಣ, ಕಾಯಿಲೆ, ಮಕ್ಕಳು, ಜಗಳ, ನಿರ್ಧಾರ. ಪ್ರತಿ ಭಾಗದ ಮೊದಲಿಗೆ ಸತ್ಯವೇದದ (ಬೈಬಲಿನ) ಒಂದು ಪ್ರಸಂಗ, ಅದರ ಮೇಲೆ ಅರ್ಧ ಪುಟದ ಟಿಪ್ಪಣಿ. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ‘ಮಕ್ಕಳು’ ಭಾಗ ತೀರ ಸಪ್ಪೆ. ‘ಹಣ’ ಪರವಾಗಿಲ್ಲ.

‘ಕೆಲಸ’ ಭಾಗಕ್ಕೆ ನೆಹೆಮೀಯನನ್ನು ಆರಿಸಿಕೊಂಡಿರುವುದು ಬಹಳ ಸರಿಯಾಗಿದೆ. ಅವನು ಪಾರಸಿಯ ಅರ್ತಷಸ್ತ ರಾಜನಿಗೆ ದ್ರಾಕ್ಷಾರಸ ಕೊಡುವ ಸೇವಕ. ನಿನ್ನ ಮುಖವೇಕೆ ಬಾಡಿದೆ, ನಿನಗೆ ಏನು ಬೇಕು ಎಂದು ರಾಜನು ಕೇಳುತ್ತಾನೆ. ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ನೆಹೆಮೀಯನು ಪರಲೋಕದ ದೇವರಿಗೆ ಪ್ರಾರ್ಥಿಸಿದನೆಂದು ಎರಡನೆಯ ಅಧ್ಯಾಯದ ನಾಲ್ಕನೆಯ ವಚನ ಹೇಳುತ್ತದೆ. ರಾಜನ ಎದುರು ನಿಂತವನು ಕಣ್ಣು ಮುಚ್ಚಿರಲಾರ, ಮೊಣಕಾಲೂರಿರಲಾರ. ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು, ಅದನ್ನು ಅವನು ದೇವರಿಗೆ ಕೊಟ್ಟನು. ಟಿಪ್ಪಣಿ ಬರೆದವರು ಇಲ್ಲಿಗೆ ನಿಲ್ಲಿಸದೆ ಹಿಂದಿನ ಅಧ್ಯಾಯಕ್ಕೂ ಹೋಗಿದ್ದಾರೆ. ಯೆರೂಸಲೇಮಿನ ಗೋಡೆ ಬಿದ್ದಿದೆಯೆಂಬ ಸುದ್ದಿ ಅವನಿಗೆ ಯೆಹೂದ್ಯರ ಕಿಸ್ಲೇವ್ ತಿಂಗಳಿನಲ್ಲಿ ಬಂತು, ರಾಜನೊಡನೆ ಈ ಮಾತು ನಡೆದದ್ದು ನೈಸಾನಿನಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಸುದ್ದಿ ಕೇಳಿದಾಗ ಅವನು ಕೂತು ಅತ್ತನು, ಉಪವಾಸ ಮಾಡಿ ಪ್ರಾರ್ಥಿಸಿದನು. ಆ ತಿಂಗಳುಗಳ ಮೊರೆಯೇ ರಾಜನ ಮುಂದೆ ಒಂದು ಉಸಿರಿನ ಪ್ರಾರ್ಥನೆಯಾಗಿ ಬಂತು. ಸಭೆಗಳಲ್ಲಿ ನೆಹೆಮೀಯನ ಬಗ್ಗೆ ಕೇಳುವಾಗ ಗೋಡೆ ಕಟ್ಟಿದ ಕಥೆಯೇ ಮುಂದೆ ಬರುತ್ತದೆ, ಈ ಒಂದು ವಚನ ಹಾಗೇ ಉಳಿದುಹೋಗುತ್ತದೆ.

‘ನಿರ್ಧಾರ’ ಭಾಗಕ್ಕೆ ಯೆಹೋಶುವನ ಗ್ರಂಥದ ಒಂಬತ್ತನೆಯ ಅಧ್ಯಾಯವನ್ನು ಕೊಟ್ಟಿದ್ದಾರೆ. ಹತ್ತಿರದಲ್ಲೇ ಇದ್ದ ಗಿಬ್ಯೋನ್ ಊರಿನವರು ದೂರದೇಶದವರಂತೆ ವೇಷ ಹಾಕಿ, ಒಣಗಿ ಬೂಸಲು ಹಿಡಿದ ರೊಟ್ಟಿಯನ್ನು ತೋರಿಸಿ ಇಸ್ರಾಯೇಲ್ಯರಿಂದ ಒಪ್ಪಂದ ಮಾಡಿಸಿಕೊಂಡರು. ಇವರು ರೊಟ್ಟಿಯನ್ನು ಪರೀಕ್ಷಿಸಿದರು, ಕರ್ತನನ್ನು ಕೇಳಲಿಲ್ಲ. ದಾಖಲೆಗಳನ್ನು ನೋಡಿಯೇ ತೀರ್ಮಾನಕ್ಕೆ ಬರುವ ನನ್ನಂಥವರು ಇದನ್ನು ಮತ್ತೆ ಮತ್ತೆ ಓದಬೇಕು. ಸಾಕ್ಷ್ಯ ಕೈಯಲ್ಲೇ ಇತ್ತು, ಆದ್ದರಿಂದಲೇ ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಇನ್ನು ‘ಕಾಯಿಲೆ’ ಭಾಗ. ಇಲ್ಲಿ ನನ್ನ ತಕರಾರು ಗಂಭೀರವಾದದ್ದು.

ನಮ್ಮ ಅತ್ತೆಯವರ ಬೆನ್ನುಮೂಳೆಯ ಸ್ಕ್ಯಾನ್ ವರದಿ ಒಂದು ರಾತ್ರಿ ಮೊಬೈಲಿಗೆ ಬಂತು. ವೈದ್ಯರು ಸಿಗುವುದು ಮರುದಿನ. ವರದಿಯ ಅರ್ಧ ಪದಗಳು ನನಗೆ ಅರ್ಥವಾಗಲಿಲ್ಲ. ದಿನಚರಿಯ ಎಡಪುಟದಲ್ಲಿ ಬರೆದೆ: ‘ಕರ್ತನೇ, ಅತ್ತೆಯವರ ವರದಿ ಬಂದಿದೆ. ಇದರಲ್ಲಿ ಏನಿದೆಯೋ ನನಗೆ ತಿಳಿಯುತ್ತಿಲ್ಲ. ನಿನಗೆ ತಿಳಿದಿದೆ. ಭಯವಾಗುತ್ತಿದೆ. ಬೆಳಿಗ್ಗೆ ಅವರಿಗೆ ಹೇಗೆ ಹೇಳಲಿ?’ ಸುಂದರವಾದ ಪ್ರಾರ್ಥನೆಯೇನಲ್ಲ. ಆದರೆ ಬರೆದು ಮುಗಿಸಿದ ಮೇಲೆ ಆ ಪದಗಳನ್ನು ಅಂತರ್ಜಾಲದಲ್ಲಿ ಹುಡುಕಬೇಕೆನ್ನಿಸಲಿಲ್ಲ. ತಳದ ಸಾಲಿನಲ್ಲಿ ಮನೆಯವರ ಮತ್ತು ವೈದ್ಯರ ಹೆಸರು ಬರೆದು ಮಲಗಿದೆ.

ಮರುದಿನ ಅತ್ತೆಯವರು ನನ್ನ ದಿನಚರಿ ತೆರೆದು ಆ ಭಾಗದ ಮುಖಪುಟವನ್ನು ಓದಿದರು. ಅಲ್ಲಿರುವುದು ಯೆಹೂದದ ಆಸ ರಾಜನ ವಿಷಯ: ಕಾಲಿಗೆ ಕಠಿಣ ರೋಗ ಬಂದಾಗ ಅವನು ಕರ್ತನನ್ನು ಹುಡುಕದೆ ವೈದ್ಯರನ್ನೇ ಹುಡುಕಿದನು. ಎರಡನೆಯ ಪೂರ್ವಕಾಲವೃತ್ತಾಂತ, 16ನೆಯ ಅಧ್ಯಾಯ, 12ನೆಯ ವಚನ. ಟಿಪ್ಪಣಿಯಲ್ಲಿ ಎಚ್ಚರಿಕೆ ಬಿಟ್ಟರೆ ಬೇರೇನೂ ಇಲ್ಲ. ಅತ್ತೆಯವರು ತಲೆಯೆತ್ತಿ, “ಹಾಗಾದರೆ ನಾನು ಆಸ್ಪತ್ರೆಗೆ ಹೋಗುವುದು ಅವಿಶ್ವಾಸವೇನಮ್ಮಾ?” ಎಂದರು.

ಪ್ರಾರ್ಥನೆಗೆ ನೆರವಾಗಬೇಕಾದ ಪುಸ್ತಕ ಕಾಯಿಲೆಯವರಲ್ಲಿ ಇಂಥ ಅಂಜಿಕೆ ಹುಟ್ಟಿಸಬಾರದು. ನಾನು ಸತ್ಯವೇದ ತಂದು ಅವರಿಗೆ ಯೆಹೂದದ ಇನ್ನೊಬ್ಬ ರಾಜನಾದ ಹಿಜ್ಕೀಯನ ಭಾಗವನ್ನು ಓದಿ ಹೇಳಿದೆ. ಅವನು ಸಾಯುವಷ್ಟು ಕಾಯಿಲೆ ಬಿದ್ದು ಗೋಡೆಯ ಕಡೆಗೆ ಮುಖ ತಿರುಗಿಸಿ ಪ್ರಾರ್ಥಿಸಿದನು. ವಾಸಿಮಾಡುತ್ತೇನೆಂದು ದೇವರು ಮಾತು ಕೊಟ್ಟನು. ಅದಾದ ಮೇಲೂ ಹುಣ್ಣಿಗೆ ಅಂಜೂರದ ಉಂಡೆಯನ್ನು ಕಟ್ಟಲು ಹೇಳಿದವನು ಪ್ರವಾದಿಯಾದ ಯೆಶಾಯನೇ. ಪೌಲನ ಜೊತೆಗಾರ ಲೂಕನು ವೈದ್ಯ, ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನು ಅವನನ್ನು ಪ್ರಿಯ ವೈದ್ಯನೆಂದೇ ಕರೆಯುತ್ತಾನೆ. ಆಸನ ತೊಂದರೆ ಶುರುವಾದದ್ದು ವೈದ್ಯರಿಂದಲ್ಲ. ಕೂಷ್ಯನಾದ ಜೆರಹನು ದೊಡ್ಡ ಸೈನ್ಯದೊಡನೆ ಬಂದಾಗ ಅವನು ಮೊದಲು ದೇವರಿಗೆ ಮೊರೆಯಿಟ್ಟು ಗೆದ್ದವನು. ಆಳ್ವಿಕೆಯ 36ನೆಯ ವರ್ಷದಲ್ಲಿ ಇಸ್ರಾಯೇಲಿನ ರಾಜ ಬಾಷನು ಮೇಲೆ ಬಿದ್ದಾಗ ಆಸನು ದೇವಾಲಯದ ಬೆಳ್ಳಿಬಂಗಾರವನ್ನೇ ತೆಗೆದು ನೆರವಿಗಾಗಿ ಅರಾಮಿನ ರಾಜನಿಗೆ ಕಳುಹಿಸಿದನು. ಎಚ್ಚರಿಸಲು ಬಂದ ದರ್ಶಿಯನ್ನು (ಪ್ರವಾದಿಯನ್ನು) ಸೆರೆಗೆ ಹಾಕಿಸಿದನು. 39ನೆಯ ವರ್ಷದಲ್ಲಿ ಕಾಲು ನೋವು ಬರುವ ಹೊತ್ತಿಗೆ ದೇವರ ಕಡೆಗೆ ತಿರುಗುವ ರೂಢಿಯೇ ಅವನಿಗೆ ತಪ್ಪಿಹೋಗಿತ್ತು. ಇಷ್ಟನ್ನೂ ಬಿಟ್ಟು ಒಂದೇ ವಚನ ಅಚ್ಚು ಹಾಕಿದರೆ ಓದುವವರು ಔಷಧಿಗೆ ಹೆದರುತ್ತಾರೆ. ಅತ್ತೆಯವರು ಎಲ್ಲವನ್ನೂ ಕೇಳಿಸಿಕೊಂಡು, ಪ್ರಾರ್ಥನೆ ಮಾಡಿ, ಆಸ್ಪತ್ರೆಗೆ ಹೊರಟರು. ಮುಂದಿನ ಮುದ್ರಣದಲ್ಲಿ ಈ ಪುಟವನ್ನು ಖಂಡಿತ ತಿದ್ದಬೇಕು.

ಎರಡನೆಯ ತಕರಾರು ಆ ಎರಡು ಚೌಕಗಳದ್ದು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಅತ್ತೆಯವರು ಈಗ ನಡೆಯುತ್ತಾರೆ, ಆದರೆ ಎಡಪಾದದ ಜೋಮು ಹಾಗೇ ಉಳಿದಿದೆ. ನಾನು ಯಾವ ಚೌಕಕ್ಕೆ ಗುರುತು ಹಾಕಲಿ? ಲೆಕ್ಕದ ಪುಸ್ತಕದಲ್ಲಿ ಬಾಕಿ ತೀರಿತು, ತೀರಲಿಲ್ಲ ಎಂದು ಬರೆಯಬಹುದು. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡಾಗ ಬಂದ ಉತ್ತರ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂದು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ, ಆದರೆ ಸ್ಪಷ್ಟವಾದ ಉತ್ತರ. 13ನೆಯ ಕೀರ್ತನೆಯನ್ನು ಬರೆದವನು ಎಲ್ಲಿಯವರೆಗೆ, ಎಲ್ಲಿಯವರೆಗೆ ಎಂದು ನಾಲ್ಕು ಸಲ ಕೇಳುತ್ತಾನೆ. ಅವನಿಗೂ ಈ ಪುಟದಲ್ಲಿ ಜಾಗವಿಲ್ಲ. ಅದೇ ವಿಷಯವನ್ನು ಮತ್ತೆ ತರುವವರಿಗೂ ಇಲ್ಲ. ಶತ್ರುಗಳ ಕೈಯಿಂದ ಕೆಯೀಲಾ ಊರನ್ನು ಬಿಡಿಸಲು ಹೋಗಲೋ ಎಂದು ದಾವೀದನು ದೇವರನ್ನು ಕೇಳಿದನು, ಜೊತೆಯವರು ಹೆದರಿದಾಗ ಇನ್ನೊಮ್ಮೆ ಕೇಳಿದನು, ದೇವರು ಬೇಸರಿಸದೆ ಇನ್ನೊಮ್ಮೆ ಹೇಳಿದನು. ಚೌಕಗಳ ಬದಲು ನಾಲ್ಕು ಖಾಲಿ ಗೆರೆ ಕೊಟ್ಟಿದ್ದರೆ ಸಾಕಿತ್ತು. ನಾನು ಚೌಕಗಳನ್ನು ಮುಟ್ಟದೆ ಅಂಚಿನಲ್ಲಿ ಬರೆಯುತ್ತೇನೆ, ಆಮೇಲೆ ಹೊಸದೇನಾದರೂ ಆದರೆ ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸುತ್ತೇನೆ.

ನನಗೆ ತುಂಬ ಇಷ್ಟವಾದದ್ದು ಹಿಂಬದಿಯ ರಟ್ಟಿಗೆ ಅಂಟಿಸಿರುವ ಕಾಗದದ ಜೇಬು. ಅದರ ಮೇಲೆ ‘2 ಅರಸುಗಳು 19:14’ ಎಂದಷ್ಟೇ ಇದೆ. ಅಶ್ಶೂರದವರು ಕಳುಹಿಸಿದ ಬೆದರಿಕೆಯ ಪತ್ರವನ್ನು ಹಿಜ್ಕೀಯನು ಓದಿ, ದೇವಾಲಯಕ್ಕೆ ಹೋಗಿ, ಅದನ್ನು ಕರ್ತನ ಮುಂದೆ ಬಿಚ್ಚಿ ಹರಡಿದನು. ಮನಸ್ಸನ್ನು ಕಲಕುವ ನೋಟಿಸು, ಬಿಲ್ಲು, ಕಚೇರಿಯ ಪತ್ರ ಯಾವುದು ಬಂದರೂ ಈಗ ನಾನು ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, ಅದರಲ್ಲಿರುವ ಮೊತ್ತವನ್ನೂ ಗಡುವನ್ನೂ ದೇವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಆಮೇಲೆ ಮಡಚಿ ಜೇಬಿಗೆ ಸೇರಿಸಿ, ಉತ್ತರ ಬರೆಯಲು ಕೂರುತ್ತೇನೆ. ಉತ್ತರ ಬರೆಯುವ ಕೆಲಸ ತಪ್ಪುವುದಿಲ್ಲ. ಆದರೆ ಕೋಪದಲ್ಲಿ ಬರೆಯುವುದು ತಪ್ಪುತ್ತದೆ. ಜೇಬಿನ ಅಂಟು ಮಾತ್ರ ದುರ್ಬಲ. ನಾನು ಅಂಚಿಗೆ ಟೇಪ್ ಹಾಕಿಕೊಂಡಿದ್ದೇನೆ.

ಕಾಗದ ದಪ್ಪವಾಗಿದೆ, ಶಾಯಿ ಹಿಂದಕ್ಕೆ ಇಳಿಯುವುದಿಲ್ಲ. ಹೊಲಿಗೆಯ ಕಟ್ಟು ಗಟ್ಟಿಯಾಗಿದೆ, ಪುಸ್ತಕ ಪೂರ್ತಿ ಬಿಚ್ಚಿಕೊಂಡು ಸಮತಟ್ಟಾಗಿ ಕೂರುತ್ತದೆ. ವಚನಗಳ ಅಕ್ಷರ ಚಿಕ್ಕದು, ಗೆರೆಗಳ ನಡುವಿನ ಅಂತರ ಕಡಿಮೆ. ಕಣ್ಣು ಮಂಜಾದ ಹಿರಿಯರಿಗೆ ಕಷ್ಟ. ಅತ್ತೆಯವರು ತಮಗೂ ಒಂದು ಬೇಕೆಂದಾಗ ನಾನು ಇದನ್ನು ಕೊಡಿಸದೆ, ಅಗಲ ಗೆರೆಯ ಸಾದಾ ನೋಟ್‌ಬುಕ್ಕಿನಲ್ಲಿ ಇದೇ ಸಾಲುಗಳನ್ನು ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ, ಚೌಕಗಳನ್ನು ಬಿಟ್ಟು.

ದಿನವೂ ತಪ್ಪದೆ ಬೈಬಲ್ ಓದಿ ಟಿಪ್ಪಣಿ ಮಾಡುವವರಿಗೆ ಇದರಿಂದ ಹೆಚ್ಚೇನೂ ಸಿಗಲಾರದು, ಅವರಿಗೆ ತಾರೀಖಿನ ದಿನಚರಿಯೇ ವಾಸಿ. ಭಾನುವಾರ ನೆಮ್ಮದಿಯಿಂದ ಪ್ರಾರ್ಥಿಸಿ ಸೋಮವಾರದ ಮೊದಲ ಫೋನ್ ಕರೆಗೇ ಕಂಗೆಡುವವರು, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು, ಕೆಲಸದ ಕಡೆ ದಿನಕ್ಕೊಂದು ಕಿರಿಕಿರಿ ಎದುರಿಸುವವರು ಧೈರ್ಯವಾಗಿ ಕೊಳ್ಳಬಹುದು. ‘ಕಾಯಿಲೆ’ ಭಾಗದ ಮುಖಪುಟಕ್ಕೆ 2 ಅರಸುಗಳು 20ನೆಯ ಅಧ್ಯಾಯದ ಮೊದಲ ಏಳು ವಚನಗಳನ್ನು ಬರೆದ ಒಂದು ಚೀಟಿ ಅಂಟಿಸಿಕೊಂಡು ಬಳಸಿರಿ.