ಬಿಡಿ ಕೆಲಸದ ದರವೋ, ದಿನದ ಪಗಾರವೋ?

ನಲ್ಲಿ ಸೋರುತ್ತಿದೆ, ಬಾಗಿಲು ನೆಲಕ್ಕೆ ಉಜ್ಜುತ್ತಿದೆ, ಗೋಡೆಗೆ ಮೊಳೆ ನಿಲ್ಲುತ್ತಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥವಕ್ಕೆ ಆಳು ಕರೆಯುವಾಗ ಒಂದೋ ಬಿಡಿ ಕೆಲಸಕ್ಕೆ ದರ ಗೊತ್ತು ಮಾಡಬೇಕು, ಇಲ್ಲವೇ ದಿನದ ಪಗಾರ ಕೊಡಬೇಕು.

ಒಂದೇ ನಲ್ಲಿಯಾದರೆ ಬಿಡಿ ದರವೇ ಸರಿ. ವಾಷರ್ ಬದಲಿಸಲು ಅರ್ಧ ತಾಸು ಸಾಕಾದರೂ ಬಂದುಹೋಗುವ ಪೆಟ್ರೋಲು, ಬಿಟ್ಟುಬಂದ ಬೇರೆ ಕೆಲಸದ ಹೊತ್ತು ಆ ಮೊತ್ತದಲ್ಲೇ ಸೇರಿರುತ್ತವೆ. ದುಬಾರಿ ಎನಿಸಬಹುದು, ಆದರೆ ಅದು ಮೋಸವಲ್ಲ. ಕರೆದಾಗಲೆಲ್ಲ ಆ ಖರ್ಚು ಮತ್ತೆ ಬೀಳುತ್ತದೆ ಎಂಬುದೇ ತೊಡಕು. ಬಿಡಿ ಕೆಲಸಕ್ಕೆ 300 ರೂಪಾಯಿ, ದಿನಕ್ಕೆ 900 ಎಂದರು ಎನ್ನಿ: ಮೂರು ಕೆಲಸಕ್ಕೆ ಎರಡೂ ಸಮ, ನಾಲ್ಕನೆಯದರಿಂದ ಪಗಾರವೇ ಲಾಭ.

ಆದರೆ ಪಗಾರದವನು ಬರುವ ಮೊದಲೇ ಸಾಮಾನು ಮನೆಯಲ್ಲಿರಬೇಕು. ಒಂದು ಟೆಫ್ಲಾನ್ ಟೇಪಿಗಾಗಿ ಅವನು ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಹೋಗಿ ಬಂದರೆ ಆ ಹೊತ್ತೂ ನಿಮ್ಮ ಲೆಕ್ಕಕ್ಕೇ. ಮೇಲಾಗಿ, ಬಡಗಿ ಟೈಲ್ಸ್ ಕೂರಿಸುವುದಿಲ್ಲ; ಅದಕ್ಕೆ ಗವಂಡಿಯೇ ಬೇಕು. ಎಲ್ಲವನ್ನೂ ಬಲ್ಲೆನೆನ್ನುವವನ ಕೈಗೆ ವಿದ್ಯುತ್ ಬೋರ್ಡನ್ನು ಮಾತ್ರ ನಾನು ಕೊಡುವುದಿಲ್ಲ, ಎಷ್ಟು ಅಗ್ಗವಾದರೂ ಸರಿ.

ಮೊಬೈಲ್ ಆ್ಯಪ್‌ನಲ್ಲಿ ದರ ಮೊದಲೇ ಕಾಣುತ್ತದೆ, ಚೌಕಾಸಿ ಇಲ್ಲ. ಬಿಡಿಭಾಗದ ಹಣ ಬೇರೆಯೇ ಎಂಬುದನ್ನು ನೋಡಿಕೊಳ್ಳಿ.

ಯಾರನ್ನೇ ಕರೆಯಿರಿ, ದಿನವೂ ನೀರು ಬಾರದ ಬಡಾವಣೆಯಲ್ಲಿದ್ದರೆ ಪೈಪು ಬಿಚ್ಚಿಸುವ ಮೊದಲು ಬಕೆಟ್, ಕೊಡಗಳನ್ನೆಲ್ಲ ತುಂಬಿಸಿಟ್ಟುಕೊಳ್ಳಿ.