ಜರ್ಮನ್ ತರಗತಿಗೆ ಫ್ರೀಡ್ರಿಶ್, ಕಿರ್ಶ್ನರ್, ಬುಶ್: ಯಾರ ಚಿತ್ರ?

ಜರ್ಮನ್ ಭಾಷೆ ಕಲಿಸಲು ಈ ಮೂವರು ಜರ್ಮನ್ ಚಿತ್ರಕಾರರಲ್ಲಿ ಯಾರ ಚಿತ್ರ ಬಳಸಲಿ ಎಂದು ಕೇಳಿದ್ದೀರಿ. ಮೂವರೂ ತೀರಿಕೊಂಡು 70 ವರ್ಷ ದಾಟಿದೆ, ಹಕ್ಕುಸ್ವಾಮ್ಯದ ತಲೆನೋವಿಲ್ಲ. ಖರ್ಚು ಪ್ರಿಂಟಿನದಷ್ಟೆ, ಬುಶ್‌ಗೆ ಕಪ್ಪುಬಿಳುಪು ಜೆರಾಕ್ಸ್ ಸಾಕು.

ಹೊಸಬರಿಗೆ ಫ್ರೀಡ್ರಿಶ್ ಸುಲಭ. 1818ರ ಸುಮಾರಿನ, ಈಗ ಹ್ಯಾಂಬರ್ಗಿನಲ್ಲಿರುವ 'ಮಂಜಿನ ಕಡಲ ಮೇಲಿನ ಅಲೆಮಾರಿ' ಚಿತ್ರದಲ್ಲಿ ಇರುವುದೇ ಒಬ್ಬ ಮನುಷ್ಯ, ಬಂಡೆ, ಮಂಜು, ಬೆಟ್ಟ. 'ಆಉಫ್ ಡೆಮ್ ಫೆಲ್ಸೆನ್' (ಬಂಡೆಯ ಮೇಲೆ) ಎನ್ನುತ್ತಲೇ, ಜರ್ಮನ್‌ನಲ್ಲಿ ಇರುವ ಜಾಗ ಹೇಳುವಾಗ ಬರುವ ಡೇಟಿವ್ ವಿಭಕ್ತಿ ನಾಲಿಗೆಗೆ ಹತ್ತುತ್ತದೆ. ಅವನು ಬೆನ್ನು ತಿರುಗಿಸಿ ನಿಂತಿರುವುದು ಮೇಷ್ಟರಿಗೆ ವರ: ಮುಖ ಕಾಣದ್ದರಿಂದ ಏನು ಯೋಚಿಸುತ್ತಿದ್ದಾನೆಂದು ಎಲ್ಲರೂ ಊಹಿಸಬಹುದು, ಯಾರ ಉತ್ತರವೂ ತಪ್ಪಲ್ಲ. ಅಲ್ಲಿಂದ ರೊಮ್ಯಾಂಟಿಕ್ ಕವಿ ಐಶೆನ್‌ಡೋರ್ಫನ ಕವಿತೆಗೆ ಒಂದೇ ಹೆಜ್ಜೆ.

ಕಥೆ ಹೇಳಿಸಿ ಭೂತಕಾಲ ರೂಢಿ ಮಾಡಿಸಬೇಕೆಂದರೆ ಬುಶ್‌ನ 'ಮ್ಯಾಕ್ಸ್ ಉಂಡ್ ಮೊರಿಟ್ಸ್' (1865), ಇಬ್ಬರು ತುಂಟ ಹುಡುಗರ ಕಥೆ. ಚಿತ್ರವೂ ಪ್ರಾಸವೂ ಒಟ್ಟಿಗೇ ಸಿಗುತ್ತವೆ. ಹಳೆಯ ಪದಗಳು ಮಾತ್ರ ತೊಡಕು. ಕೊನೆಗೆ ಹುಡುಗರನ್ನು ಗಿರಣಿಯಲ್ಲಿ ಬೀಸಿ ಬಾತುಕೋಳಿಗೆ ಹಾಕುತ್ತಾರೆ. ಪುಟ್ಟ ಮಕ್ಕಳ ತರಗತಿಯಾದರೆ ಮೊದಲೇ ಓದಿಕೊಳ್ಳಿ.

ಕಿರ್ಶ್ನರ್‌ನ 'ಪೋಟ್ಸ್‌ಡಾಮರ್ ಪ್ಲಾಟ್ಸ್' (1914), ಬರ್ಲಿನ್ನಿನ ಒಂದು ಚೌಕದ ಚಿತ್ರ, ಬಿ2 (ಮಧ್ಯಮದ ಮೇಲಿನ ಹಂತ) ದಾಟಿದವರಿಗೆ. ಹಸಿರು ರಸ್ತೆ, ಓರೆಯಾದ ನಗರ: ವಿವರಿಸಲು ವಿಶೇಷಣಗಳು ಬೇಕೇ ಬೇಕು. ಗೇಯೋರ್ಗ್ ಹೈಮ್‌ನ ನಗರ ಕವಿತೆಗಳನ್ನು ಓದಿಸುವ ಯೋಚನೆಯಿದ್ದರೆ ಇದನ್ನು ಬಿಡಬೇಡಿ, ಇಲ್ಲದಿದ್ದರೆ ಅವಸರವಿಲ್ಲ.